ಇಪ್ಪತ್ತು ತಿರುವು, ಒಂದು ಚೀಟಿ

ಸೇಲಂ ಪೇಟೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 280 ಮೀಟರ್ ಎತ್ತರದಲ್ಲಿದೆ. ಏರ್ಕಾಡು 1,500 ಮೀಟರಿನ ಆಸುಪಾಸು. ನಡುವೆ ಸುಮಾರು 30 ಕಿಲೋಮೀಟರ್ ದಾರಿ, ಆ ದಾರಿಯಲ್ಲಿ 20 ಹೇರ್‌ಪಿನ್ ತಿರುವು. ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟ ಕೆಎ ನಂಬರಿನ ಕಾರುಗಳು ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದು, ಊಟದ ಹೊತ್ತಿಗೆ ಈ ತಿರುವುಗಳಲ್ಲಿ ಸಾಲುಗಟ್ಟುತ್ತವೆ. ಮುಂದೆ ಸರ್ಕಾರಿ ಬಸ್ಸು, ಅದರ ಮುಂದೆ ಜಲ್ಲಿ ಹೊತ್ತ ಲಾರಿ, ಅಂಚಿನಲ್ಲಿ ಮೂಟೆ ಹೇರಿಕೊಂಡು ಗೊರಗೊರ ಎನ್ನುತ್ತ ಹತ್ತುವ ಟಿವಿಎಸ್ ಮೊಪೆಡ್. ಎಲ್ಲವೂ ಒಂದನೇ ಅಥವಾ ಎರಡನೇ ಗೇರಿನಲ್ಲಿ.

ಈ ಏರಿನ ಲೆಕ್ಕ ಸುಲಭ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರನ್ನು 1,200 ಮೀಟರ್ ಮೇಲಕ್ಕೆ ಎತ್ತಲು ಸುಮಾರು 1.76 ಕೋಟಿ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಇದೆ, ಆದರೆ ಅದರಲ್ಲಿ ಚಕ್ರಕ್ಕೆ ತಲಪುವುದು ಕಾಲುಭಾಗಕ್ಕಿಂತ ತುಸು ಹೆಚ್ಚು. ಹಾಗಾಗಿ ಗಾಳಿಯ ತಡೆ, ಟೈರಿನ ಉಜ್ಜಾಟ ಎಲ್ಲ ಬಿಟ್ಟು, ಬರೀ ಎತ್ತರಕ್ಕೆ ಎರಡು ಲೀಟರಿನ ಹತ್ತಿರ ಉರಿಯುತ್ತದೆ. ಲೀಟರಿಗೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಇದು ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ಭಾಗ. ಕಣ್ಣು ಉರಿಸುವ, ಕೆಮ್ಮು ಹತ್ತಿಸುವ ಭಾಗ ಬೇರೆಯೇ ಇದೆ, ಅದನ್ನು ಹಿಡಿದಿಡಲು ವಾಹನದ ಹೊಟ್ಟೆಯಡಿ ಇಂದು ಒಂದು ಪುಟ್ಟ ರಾಸಾಯನಿಕ ಕಾರ್ಖಾನೆಯೇ ನಡೆಯುತ್ತಿರುತ್ತದೆ.

ಸಾಲಿನಲ್ಲಿರುವ, ವರ್ಷ ತುಂಬಿದ ಪ್ರತಿ ವಾಹನದಲ್ಲೂ ಒಂದು ಚೀಟಿ ಇರಬೇಕು ಎನ್ನುತ್ತದೆ ಕಾನೂನು. ಹೊಗೆ ತಪಾಸಣೆಯ ಪ್ರಮಾಣಪತ್ರವಾದ ಪಿಯುಸಿ, ಜನರ ಬಾಯಲ್ಲಿ ‘ಎಮಿಷನ್’. ಆ ಚೀಟಿ ಸಿಕ್ಕಿದ್ದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ವಾಹನ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ, ಒಂದು ಕಿಲೋ ಭಾರವನ್ನೂ ಎಳೆಯದಿದ್ದಾಗ. ಬಂಕಿನ ಮೂಲೆಗೂ ಹದಿನೈದನೇ ತಿರುವಿಗೂ ಎಷ್ಟು ದೂರ ಎಂಬುದನ್ನು ತಿಳಿಯಬೇಕಾದರೆ ಮೊದಲು ಎಂಜಿನ್ನಿನ ಕಷ್ಟ ಅರ್ಥವಾಗಬೇಕು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರೆಬೆಂದ ಕಾರ್ಬನ್ ಮೊನಾಕ್ಸೈಡ್, ಉರಿಯದೇ ಉಳಿದ ಹೈಡ್ರೋಕಾರ್ಬನ್ ಹೊರಬೀಳುತ್ತವೆ. ಗಾಳಿ ಹೆಚ್ಚಾಗಿ ಶಾಖ ಏರಿದರೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ಏರುವ ಪೀಕಲಾಟ ಇದು. ಕಾರ್ಬೊರೇಟರಿನ ಕಾಲದಲ್ಲಿ ಈ ಹದ ಮೆಕ್ಯಾನಿಕ್ಕಿನ ಸ್ಕ್ರೂಡ್ರೈವರಿನ ತುದಿಯಲ್ಲಿತ್ತು. ಸೇಲಂನಲ್ಲಿ ಟ್ಯೂನ್ ಮಾಡಿಸಿದ ಅಂಬಾಸಡರ್ ಏರ್ಕಾಡಿನ ಕೆರೆ ತಲಪುವ ಹೊತ್ತಿಗೆ ಗಾಳಿಯ ಒತ್ತಡ ಸುಮಾರು ಏಳನೇ ಒಂದು ಪಾಲು ಇಳಿದಿರುತ್ತಿತ್ತು. ಗಾಳಿ ತೆಳುವಾದರೂ ಕಾರ್ಬೊರೇಟರಿನ ಜೆಟ್ ತೂತು ಮಾತ್ರ ಅಷ್ಟೇ. ಪೆಟ್ರೋಲ್ ಪಾಲು ಹೆಚ್ಚಾಗಿ, ಗಾಡಿ ಮುಕ್ಕರಿಸುತ್ತ, ಸೈಲೆನ್ಸರಿನಿಂದ ಘಾಟು ಹೊಮ್ಮಿಸುತ್ತ ಮೇಲೇರುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಆ ತಾಪತ್ರಯವಿಲ್ಲ. ಏರ್ಕಾಡಿನ ಎತ್ತರ ಅದಕ್ಕೆ ಗೊತ್ತಾಗುತ್ತದೆ.

ಇಂಜೆಕ್ಷನ್ ಬಂದದ್ದು ಈ ಮೂರೂ ಅನಿಲಗಳನ್ನು ಹಿಡಿಯುವ ಕೆಟಲಿಟಿಕ್ ಕನ್ವರ್ಟರಿನ ದಾರಿಯನ್ನು ಸುಗಮ ಮಾಡಿತು. ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿಯೊಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ, ಅದರ ಸಾವಿರಾರು ಸಣ್ಣ ಕೊಳವೆಗಳ ಗೋಡೆಗೆ ಸವರಿದ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಮೊದಲೆರಡು ಲೋಹಗಳು ಮೊನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ ಉರಿಸಿ ಮುಗಿಸುತ್ತವೆ, ರೋಡಿಯಂ ನೈಟ್ರೋಜನ್ ಆಕ್ಸೈಡನ್ನು ಮತ್ತೆ ಸಾರಜನಕವಾಗಿ ಬಿಡಿಸುತ್ತದೆ. ಮೂರೂ ಕೆಲಸ ಒಟ್ಟಿಗೆ ಆಗಬೇಕಾದರೆ ಗಾಳಿ–ಪೆಟ್ರೋಲಿನ ಹದ ಆ 14.7ರ ಆಚೀಚೆ ಕೂದಲೆಳೆಯಷ್ಟೂ ಸರಿಯಬಾರದು. ಅದಕ್ಕಾಗಿ ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಕೂತು ಕ್ಷಣಕ್ಷಣವೂ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತಿರುತ್ತದೆ. ಇನ್ನೊಂದು ಶರತ್ತು ಶಾಖ. 250–300 ಡಿಗ್ರಿ ಮುಟ್ಟುವವರೆಗೆ ಕನ್ವರ್ಟರ್ ಎಂಬುದು ಬರೀ ಡಬ್ಬಿ. ಬೆಳಗಿನ ಚಳಿಯಲ್ಲಿ ಏರ್ಕಾಡಿನ ಲಾಡ್ಜಿನ ಮುಂದೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಕೊಳ್ಳುವ ಕಾರು ಆ ಐದು ನಿಮಿಷದಲ್ಲೇ ದಿನದ ಕೊಳಕಿನ ದೊಡ್ಡ ಪಾಲನ್ನು ಕಕ್ಕಿಬಿಡುತ್ತದೆ.

ಭಾರತದಲ್ಲಿ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಿಂದ, ಅದೂ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮಾತ್ರ. ಸೀಸ ಬೆರೆತ ಪೆಟ್ರೋಲ್ ಈ ಲೋಹಗಳಿಗೆ ವಿಷ. ಸೀಸರಹಿತ ಪೆಟ್ರೋಲ್ ದೇಶಾದ್ಯಂತ ಬಂದದ್ದು 2000ದ ಫೆಬ್ರುವರಿಯಲ್ಲಿ. ನಡುವಿನ ವರ್ಷಗಳಲ್ಲಿ ಚೆನ್ನೈನ ಹೊಸ ಕಾರು ಬೆಟ್ಟದ ದಾರಿ ಹಿಡಿದು ಸಣ್ಣ ಊರಿನ ಬಂಕಿನಲ್ಲಿ ಸೀಸದ ಪೆಟ್ರೋಲ್ ತುಂಬಿಸಿಕೊಂಡರೆ, ಮಾಲೀಕ ಹಣ ತೆತ್ತು ಪಡೆದ ದುಬಾರಿ ಲೋಹ ಅಲ್ಲಿಗೇ ಮಂಕು. ಇವತ್ತು ಅದರ ಬೆಲೆ ಮಾಲೀಕರಿಗಿಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ನಿಂತ ವ್ಯಾನಿನ ಸೈಲೆನ್ಸರ್ ಬಿಚ್ಚಿ, ಒಳಗಿನ ಇಟ್ಟಿಗೆ ಪುಡಿ ಮಾಡಿ ತೂಕಕ್ಕೆ ಮಾರುವ ದಂಧೆಯ ಪ್ರಕರಣಗಳು ಹಲವು ರಾಜ್ಯಗಳ ಪೊಲೀಸ್ ಕಡತಗಳಲ್ಲಿವೆ.

ಮೊಪೆಡ್ಡಿನ ಕತೆ ಈ ಸೀಮೆಯದ್ದೇ. 1980ರಲ್ಲಿ ಹೊಸೂರಿನಿಂದ ಹೊರಟ ಟಿವಿಎಸ್ 50 ಟೂ-ಸ್ಟ್ರೋಕ್ ಎಂಜಿನ್ನಿನದು. ಅಂದು ಹೊಸೂರು, ಧರ್ಮಪುರಿ ಎರಡೂ ಒಂದೇ ಜಿಲ್ಲೆ. ಹೊಸೂರನ್ನು ಒಳಗೊಂಡ ಕೃಷ್ಣಗಿರಿ ಜಿಲ್ಲೆ ಬೇರೆಯಾದದ್ದು 2004ರಲ್ಲಿ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸುವ ಈ ಗಡಿ ಊರುಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸೊಪ್ಪಿನ ಕಂತೆ ಎಲ್ಲಕ್ಕೂ ಅದೇ ಗಾಡಿ. ಟೂ-ಸ್ಟ್ರೋಕ್ ಅಗ್ಗ, ಹಗುರ, ಏರಿಗೆ ಗಟ್ಟಿ. ಆದರೆ ಹೊಸ ಮಿಶ್ರಣ ಒಳಬರುವ ಹೊತ್ತಿಗೇ ಹಳೆಯ ಹೊಗೆ ಹೊರಹೋಗುವ ಬಾಗಿಲೂ ತೆರೆದಿರುವುದರಿಂದ ಇಂಧನದ ಕಾಲುಭಾಗದಷ್ಟು ಉರಿಯದೇ ಜಾರಿಹೋಗುತ್ತದೆ, ಜೊತೆಗೆ ಬೆರೆಸಿದ ಆಯಿಲ್ಲಿನ ನೀಲಿ ಹೊಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ದಕ್ಕೆ ಕಾರಣಗಳು ಹಲವಿದ್ದರೂ, ಬಿಗಿಯಾಗುತ್ತಿದ್ದ ಹೊಗೆ ನಿಯಮದೆದುರು ಟೂ-ಸ್ಟ್ರೋಕ್ ಯೆಜ್ದಿಗೆ ಭವಿಷ್ಯವಿರಲಿಲ್ಲ. ಹೊಸೂರಿನ ಮೊಪೆಡ್ ಬದುಕಿದ್ದು ಹೃದಯ ಬದಲಿಸಿಕೊಂಡು: 2015ರಲ್ಲಿ ಫೋರ್-ಸ್ಟ್ರೋಕ್ ಎಕ್ಸ್ಎಲ್ 100 ಬಂತು, 2020ರ ಬಿಎಸ್-6 (ಭಾರತ್ ಸ್ಟೇಜ್ 6) ಹೊಗೆ ನಿಯಮದ ಹೊತ್ತಿಗೆ ಅದಕ್ಕೂ ಫ್ಯುಯೆಲ್ ಇಂಜೆಕ್ಷನ್ ಬಂತು. ಮೂಟೆ ಹೊರುವ ಮೊಪೆಡ್ಡಿಗೆ ಕಂಪ್ಯೂಟರ್! ಹಳ್ಳಿಯ ಮೆಕ್ಯಾನಿಕ್ಕುಗಳು ಮೊದಮೊದಲು ಗೊಣಗಿದ್ದರೆ ಆಶ್ಚರ್ಯವಿಲ್ಲ.

ಡೀಸೆಲ್ಲಿನ ಹಾದಿ ಇದಕ್ಕಿಂತ ಕಲ್ಲುಮುಳ್ಳಿನದು. ದಶಕಗಳ ಕಾಲ ದಕ್ಷಿಣದ ಲಾರಿಗಳಿಗೆ ಇಂಧನ ಊಡಿದ್ದು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು. ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚು ಬೀಳುತ್ತದೆ, ಏರಿನಲ್ಲಿ ಪಿಕಪ್ ಸಿಗುತ್ತದೆ, ಹಿಂದೆ ಕರಿಮೋಡ ಏಳುತ್ತದೆ. ಸಂಕಗಿರಿ, ನಾಮಕ್ಕಲ್‌ಗಳಂಥ ಲಾರಿ ಊರುಗಳ ನೆರೆಯಲ್ಲಿರುವ ಘಾಟಿಗಳಲ್ಲಿ ಆ ಕರಿಮೋಡ ಒಂದು ಕಾಲಕ್ಕೆ ದೃಶ್ಯದ ಭಾಗವೇ ಆಗಿತ್ತು.

ಬದಲಾವಣೆಗೆ ದಿನಾಂಕ ಹಾಕಿಕೊಟ್ಟದ್ದು ಸುಪ್ರೀಂ ಕೋರ್ಟ್. 2017ರ ಮಾರ್ಚ್ 29ರಂದು, ಏಪ್ರಿಲ್ 1ರಿಂದ ಬಿಎಸ್-3 ವಾಹನ ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ಅದು ಹೇಳಿದಾಗ ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾಗದೇ ನಿಂತಿದ್ದವು. ಎರಡು ದಿನ ಶೋರೂಮುಗಳಲ್ಲಿ ಜಾತ್ರೆ. ಆ ಬಿಎಸ್-4ರ ಘಟ್ಟದಲ್ಲಿ ಲಾರಿ ತಯಾರಕರು ಎರಡು ದಾರಿ ಹಿಡಿದರು. ಒಂದು, ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಊಡಿ ಶಾಖ ತಗ್ಗಿಸಿ, ನೈಟ್ರೋಜನ್ ಆಕ್ಸೈಡ್ ಹುಟ್ಟದಂತೆ ನೋಡಿಕೊಳ್ಳುವ ಇಜಿಆರ್. ಹೊಸೂರಿನಲ್ಲೂ ಕಾರ್ಖಾನೆಗಳಿರುವ ಅಶೋಕ್ ಲೇಲ್ಯಾಂಡ್ ಆಗ ನೆಚ್ಚಿದ್ದು ಇದನ್ನು. ಇನ್ನೊಂದು, ಹುಟ್ಟಿದ ಮೇಲೆ ಕೊಲ್ಲುವ ಎಸ್‌ಸಿಆರ್: ಶೇಕಡ 32.5 ಯೂರಿಯಾ ಇರುವ ದ್ರವವನ್ನು ಬಿಸಿ ಹೊಗೆಗೆ ಸಿಂಪಡಿಸಿದರೆ ಅದು ಅಮೋನಿಯಾ ಆಗಿ ಒಡೆದು, ನೈಟ್ರೋಜನ್ ಆಕ್ಸೈಡನ್ನು ಸಾರಜನಕ ಮತ್ತು ನೀರಾಗಿ ಮಾರ್ಪಡಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ದೊಡ್ಡ ಲಾರಿಗಳಿಗೆ ಎಸ್‌ಸಿಆರ್ ಬಿಟ್ಟು ಗತಿಯಿಲ್ಲದಾಯಿತು. ಅದರ ಮೇಲೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್. ಗಂಧಕ ಇವೆರಡಕ್ಕೂ ಆಗದು, ಆದ್ದರಿಂದ ಡೀಸೆಲ್ಲಿನ ಗಂಧಕವೂ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಬಿಎಸ್-5 ಎಂಬ ಮೆಟ್ಟಿಲನ್ನೇ ದೇಶ ಹಾರಿತು.

ಡಿಪಿಎಫ್ ಒಳಗೆ ಮಸಿ ತುಂಬುತ್ತ ಹೋಗುತ್ತದೆ, ಆಗಾಗ ಅದನ್ನು 600 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು ಬೂದಿ ಮಾಡಬೇಕು. ಹೆದ್ದಾರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಡದೇ ಓಡಿದರೆ ಈ ಕೆಲಸ ತಾನಾಗಿ ನಡೆಯುತ್ತದೆ. ಪೇಟೆಯೊಳಗೆ ಶಾಲೆ, ಮಾರುಕಟ್ಟೆ, ಮನೆ ಎಂದು ಎರಡೆರಡು ಕಿಲೋಮೀಟರ್ ಸುತ್ತುವ ಡೀಸೆಲ್ ಕಾರಿನಲ್ಲಿ ನಡೆಯುವುದಿಲ್ಲ, ದೀಪ ಹತ್ತಿಕೊಳ್ಳುತ್ತದೆ. ಏರ್ಕಾಡಿನ ಏರು ಇಂಥ ಕಾರಿಗೆ ಒಂದು ರೀತಿಯಲ್ಲಿ ಮದ್ದು: ಭಾರ ಹೆಚ್ಚಿ ಹೊಗೆ ಕಾಯುವುದರಿಂದ ಮಸಿ ಉರಿದುಹೋಗುವ ಸಂಭವ ಹೆಚ್ಚು. ಪೆಟ್ರೋಲ್ ಕಾರಿಗೆ ಅದೇ ಏರು ಉಲ್ಟಾ. ಪೆಡಲ್ ಪೂರ್ತಿ ತುಳಿದಾಗ ಕನ್ವರ್ಟರ್ ಕರಗಿಹೋಗದಿರಲೆಂದು ಕಂಪ್ಯೂಟರ್ 14.7ರ ಹದ ಬಿಟ್ಟು ಹೆಚ್ಚು ಪೆಟ್ರೋಲ್ ಸುರಿದು ತಂಪು ಮಾಡುವ ವಿನ್ಯಾಸ ಎಷ್ಟೋ ಎಂಜಿನ್‌ಗಳಲ್ಲಿದೆ. ಅಷ್ಟು ಹೊತ್ತು ಮೊನಾಕ್ಸೈಡಿಗೆ ಲಗಾಮಿಲ್ಲ. ಕಂಪನಿ ಮೋಸ ಮಾಡಿದ್ದಲ್ಲ, ಗಾಡಿ ಕೆಟ್ಟದ್ದೂ ಅಲ್ಲ. ಆದರೂ ಹೊಗೆ ನಿಜ.

ಈಗ ಬಂಕಿನ ಮೂಲೆಯ ಪೆಟ್ಟಿಗೆ ಅಂಗಡಿಗೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ಇದರ ಬೇರು. ಹೊಸ ವಾಹನಕ್ಕೆ ಮೊದಲ ವರ್ಷ ವಿನಾಯಿತಿ. ಆಮೇಲೆ ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಮುಂದಿನವಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ. ಪೆಟ್ರೋಲ್ ಗಾಡಿಯ ಸೈಲೆನ್ಸರಿಗೆ ಕೊಳವೆ ತೂರಿಸಿ, ಐಡಲ್‌ನಲ್ಲಿ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಬಿಎಸ್-4 ಕಾರಿಗೆ ಮಿತಿ ಮೊನಾಕ್ಸೈಡ್ ಶೇಕಡ 0.3, ಹೈಡ್ರೋಕಾರ್ಬನ್ 200 ಪಿಪಿಎಂ. ತೀರಾ ಹಳೆಯ ತಲೆಮಾರಿನ ಕಾರುಗಳಿಗೆ ಶೇಕಡ 3ರವರೆಗೆ ಸಲಿಗೆಯಿತ್ತು ಎಂದರೆ ಎಷ್ಟು ಬಿಗಿಯಾಗಿದೆ ಎಂದು ತಿಳಿಯುತ್ತದೆ. ಜೊತೆಗೆ 2,500 ಆರ್‌ಪಿಎಂಗೆ ರೇಸ್ ಮಾಡಿಸಿ ಹದ ಸರಿಯಿದೆಯೇ ಎಂದೂ ನೋಡಬೇಕು. ಕನ್ವರ್ಟರ್ ಸತ್ತ ಕಾರಿಗೆ ಈ ಮಿತಿಯೊಳಗೆ ಉಳಿಯುವುದು ಕಷ್ಟ. ಪ್ರಾಮಾಣಿಕವಾಗಿ ಮಾಡಿದರೆ ಪೆಟ್ರೋಲ್ ಪರೀಕ್ಷೆ ಅಷ್ಟೇನೂ ಕೆಟ್ಟದ್ದಲ್ಲ.

ಡೀಸೆಲ್ ಪರೀಕ್ಷೆಯ ಮಾತು ಬೇರೆ. ನ್ಯೂಟ್ರಲ್‌ನಲ್ಲಿ ನಿಂತ ಗಾಡಿಯ ಆಕ್ಸಿಲರೇಟರನ್ನು ಒಮ್ಮೆಗೇ ತಳದವರೆಗೆ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಪ್ರತಿ ಸಲವೂ ಉಕ್ಕುವ ಹೊಗೆಯ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಹಳೆಯ ಗಾಡಿಗೆ ಮಿತಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆಯ ಅಳತೆ), ಬಿಎಸ್-4ಕ್ಕೆ 50. ಅರ್ಧ ಒತ್ತಿದರೆ ಅರ್ಧ ಹೊಗೆ. ಚಾಲಕನ ಪಾದದ ಮೇಲೆ ಫಲಿತಾಂಶ ನಿಂತಿರುತ್ತದೆ. ಎಲ್ಲಕ್ಕಿಂತ ಮುಖ್ಯ, ನೈಟ್ರೋಜನ್ ಆಕ್ಸೈಡನ್ನು ಈ ಪರೀಕ್ಷೆ ಕೇಳುವುದೇ ಇಲ್ಲ. ಪೆಟ್ರೋಲಿನದೂ ಇಲ್ಲ, ಡೀಸೆಲಿನದೂ ಇಲ್ಲ. ಯೂರಿಯಾ ಟ್ಯಾಂಕ್, ಎಸ್‌ಸಿಆರ್ ಎಂದು ಲಕ್ಷಾಂತರ ರೂಪಾಯಿ ಸುರಿದದ್ದು ಯಾವ ಅನಿಲಕ್ಕೋ ಆ ಅನಿಲಕ್ಕೆ ಚೀಟಿಯಲ್ಲಿ ಒಂದು ಕಾಲಂ ಕೂಡ ಇಲ್ಲ. ಯೂರಿಯಾ ಖರ್ಚು ಉಳಿಸಲು ಕೆಲವರು ಎಮ್ಯುಲೇಟರ್ ಎಂಬ ಪುಟ್ಟ ಸರ್ಕ್ಯೂಟ್ ಸಿಕ್ಕಿಸಿ ‘ಎಲ್ಲ ಸರಿಯಿದೆ’ ಎಂದು ಲಾರಿಯ ಕಂಪ್ಯೂಟರನ್ನು ನಂಬಿಸುತ್ತಾರೆ. ಅಂಥ ಲಾರಿಯೂ ಹೊಗೆ ಪರೀಕ್ಷೆಯಲ್ಲಿ ನೆಮ್ಮದಿಯಿಂದ ಪಾಸು.

ಇದು ಪರೀಕ್ಷೆ ನಡೆದಾಗಿನ ಮಾತು. ನಡೆಯದೇ ಚೀಟಿ ಬರುವುದೂ ಉಂಟು. ದೆಹಲಿಯ ವಾಯುಮಾಲಿನ್ಯದ ಬಗ್ಗೆ ಮಹಾಲೇಖಪಾಲರು ಕೊಟ್ಟ ವರದಿ ಪ್ರಕಾರ, 2015ರಿಂದ 2020ರ ನಡುವೆ ಮಿತಿ ಮೀರಿದ ಅಳತೆ ದಾಖಲಾಗಿದ್ದೂ 1.08 ಲಕ್ಷ ವಾಹನಗಳಿಗೆ ಪ್ರಮಾಣಪತ್ರ ಸಿಕ್ಕಿತ್ತು. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ವಾಹನ ತಪಾಸಣೆಯಾದ ಸಾವಿರಾರು ಪ್ರಕರಣಗಳಿದ್ದವು. ರಾಜಧಾನಿಯಲ್ಲೇ ಹೀಗಾದರೆ ಮಿಕ್ಕ ಊರುಗಳ ಬಗ್ಗೆ ಹೇಳುವುದೇನು. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ನಮೂನೆಯ, ಕ್ಯುಆರ್ ಕೋಡ್ ಇರುವ ಚೀಟಿ ತಂದು, ಅದನ್ನು ವಾಹನ್ ದತ್ತಾಂಶಕ್ಕೆ ಜೋಡಿಸಿತು. ಫೇಲಾದರೆ ‘ತಿರಸ್ಕೃತ’ ಚೀಟಿ ಕೊಡಬೇಕೆಂಬ ನಿಯಮವೂ ಬಂತು. ಚೀಟಿಯಿಲ್ಲದವರಿಗೆ 2019ರ ತಿದ್ದುಪಡಿ 10,000 ರೂಪಾಯಿವರೆಗೆ ದಂಡ ಇಟ್ಟಿದೆ. ಇವೆಲ್ಲ ಕಾಗದದ ಸುಳ್ಳನ್ನು ತಡೆಯುವ ಉಪಾಯಗಳು. ಅಳತೆಯ ಕುರುಡು ಹಾಗೇ ಉಳಿದಿದೆ.

ನಿಂತಲ್ಲೇ ಅಳೆಯುವುದರ ಬಣ್ಣ ಜಗತ್ತಿನೆದುರು ಬಯಲಾದದ್ದು ಫೋಕ್ಸ್‌ವ್ಯಾಗನ್ ಹಗರಣದಲ್ಲಿ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡವೊಂದು ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಅಳತೆಯಂತ್ರ, ಜನರೇಟರ್ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಿಳಿಯಿತು. ತಂಡದಲ್ಲಿ ಅರವಿಂದ್ ತಿರುವೆಂಗಡಂ ಎಂಬ ಭಾರತೀಯ ಮೂಲದ ಸಂಶೋಧಕರಿದ್ದರು. ಪ್ರಯೋಗಾಲಯದಲ್ಲಿ ಸಭ್ಯವಾಗಿದ್ದ ಜೆಟ್ಟಾ ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಸಭ್ಯವಾಗುವ ತಂತ್ರಾಂಶ ಕಾರಿನಲ್ಲಿತ್ತು. ಭಾರತದಲ್ಲಿ ಅದೇ ವರ್ಗದ ಎಂಜಿನ್ನಿನ 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಕಂಪನಿ 2015ರ ಡಿಸೆಂಬರಿನಲ್ಲಿ ಘೋಷಿಸಿತು. ಆ ಹಗರಣದ ಬಿಸಿಗೆ ಬಿಗಿಯಾದದ್ದು ರಸ್ತೆಯಲ್ಲೇ ಅಳೆಯುವ ಆರ್‌ಡಿಇ ಪರೀಕ್ಷೆ. ಭಾರತದಲ್ಲಿ ಹೊಸ ಕಾರುಗಳಿಗೆ ಇದು 2023ರ ಏಪ್ರಿಲ್‌ನಿಂದ ಅನ್ವಯ.

ರಸ್ತೆ ಎಂದರೂ ಎಲ್ಲ ರಸ್ತೆಯಲ್ಲ. ಯುರೋಪಿನ ಮೂಲ ನಿಯಮದಲ್ಲಿ ಪರೀಕ್ಷೆಯ ಎತ್ತರಕ್ಕೆ 1,300 ಮೀಟರ್ ಗಡಿ. ಹಾದಿಯ ಒಟ್ಟು ಏರು 100 ಕಿಲೋಮೀಟರಿಗೆ 1,200 ಮೀಟರ್ ಮೀರಬಾರದು, ಹೊರಟ ಜಾಗಕ್ಕೂ ಮುಟ್ಟಿದ ಜಾಗಕ್ಕೂ ಎತ್ತರದ ಅಂತರ 100 ಮೀಟರ್ ದಾಟಬಾರದು. ಏರ್ಕಾಡು ಈ ಮೂರೂ ಗಡಿಯ ಆಚೆ. 100 ಕಿಲೋಮೀಟರಿಗೆ ಒಪ್ಪುವ ಏರನ್ನು ಅದು 30 ಕಿಲೋಮೀಟರಿನಲ್ಲೇ ಮುಗಿಸುತ್ತದೆ.

ಇಳಿಜಾರಿಗೂ ಒಂದು ಕತೆಯಿದೆ, ಅದು ತೊಪ್ಪೂರಿನದು. ಧರ್ಮಪುರಿಯಿಂದ ಸೇಲಂ ಕಡೆಗೆ 44ನೇ ರಾಷ್ಟ್ರೀಯ ಹೆದ್ದಾರಿ ಕಡಿದಾಗಿ ಇಳಿಯುವ ಈ ಘಾಟಿ ಅಪಘಾತಗಳಿಗೆ ಕುಖ್ಯಾತ. ಡೀಸೆಲ್ ಉಳಿಯುತ್ತದೆ ಎಂದು ಲಾರಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವುದು, ಬ್ರೇಕ್ ಕಾದು ಹಿಡಿತ ತಪ್ಪುವುದು, ಮುಂದಿನ ಗಾಡಿಗಳ ಸಾಲಿಗೆ ನುಗ್ಗುವುದು. ವಿಚಿತ್ರವೆಂದರೆ ಆ ಉಳಿತಾಯವೇ ಸುಳ್ಳು. ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಎಂಜಿನ್ನಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಹೊಗೆ ಸೊನ್ನೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಿರಲು ಐಡಲ್‌ನ ಡೀಸೆಲ್ ಬೇಕೇ ಬೇಕು. ಮೈಕೋ ಪಂಪಿನ ಕಾಲದಿಂದ ಬಾಯಿಂದ ಬಾಯಿಗೆ ಬಂದ ಲೆಕ್ಕ ಹೊಸ ಎಂಜಿನ್ನಿಗೆ ಹೊಂದುವುದಿಲ್ಲ. ಅದರಿಂದ ಡೀಸೆಲ್ಲೂ ಹೋಗುತ್ತದೆ, ಎಕ್ಸಾಸ್ಟ್ ಬ್ರೇಕಿನ ನೆರವೂ ಹೋಗುತ್ತದೆ.

ಹಾಗಾದರೆ ಅಳೆಯಬೇಕಾದದ್ದು ಏನು? ಉತ್ತರದ ಅರ್ಧ ಸ್ಟಿಯರಿಂಗ್ ಕೆಳಗೇ ಇದೆ. ಒಬಿಡಿ ಸಾಕೆಟ್ಟಿಗೆ ತಂತಿ ಚುಚ್ಚಿದರೆ ಯಾವ ಸೆನ್ಸರ್ ಸತ್ತಿದೆ, ಕನ್ವರ್ಟರ್ ಎಷ್ಟು ದುಡಿಯುತ್ತಿದೆ ಎಂದು ಗಾಡಿಯೇ ಹೇಳುತ್ತದೆ. ಅಮೆರಿಕದ ಹಲವು ರಾಜ್ಯಗಳು 1996 ಮತ್ತು ಆನಂತರದ ಕಾರುಗಳಿಗೆ ಸೈಲೆನ್ಸರಿಗೆ ಕೊಳವೆ ತೂರಿಸುವುದನ್ನು ಬಿಟ್ಟು ಇದನ್ನೇ ಓದುತ್ತವೆ. ನಮ್ಮ ಪಿಯುಸಿ ಯಂತ್ರ ಆ ಸಾಕೆಟ್ಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನರ್ಧ ಕಣಗಳ ಎಣಿಕೆ. ಬಿರುಕು ಬಿಟ್ಟ ಡಿಪಿಎಫ್‌ನಿಂದ ಬರುವ ಮಸಿ ಬೆಳಕನ್ನು ತಡೆಯುವಷ್ಟು ದಟ್ಟವಿರುವುದಿಲ್ಲ, ಎಣಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಲ್ಲಿ ಡೀಸೆಲ್ ಗಾಡಿಗಳ ನಿಯತ ತಪಾಸಣೆಗೆ ಕಣ ಎಣಿಸುವ ಯಂತ್ರ ತಂದವು. ಗಾಡಿ ಐಡಲ್‌ನಲ್ಲಿದ್ದರೆ ಸಾಕು, ಯಾರೂ ಆಕ್ಸಿಲರೇಟರ್ ತುಳಿಯಬೇಕಿಲ್ಲ. ಘನ ಸೆಂಟಿಮೀಟರಿಗೆ ನೆದರ್ಲೆಂಡ್ಸ್ ಇಟ್ಟ ಮಿತಿ 10 ಲಕ್ಷ ಕಣ, ಜರ್ಮನಿಯದು 2.5 ಲಕ್ಷ. ಭಾರತದಲ್ಲಿ 2020ರಲ್ಲಿ ಹೊರಟ ಮೊದಲ ತಂಡದ ಬಿಎಸ್-6 ಲಾರಿಗಳು ಎರಡು ವರ್ಷಕ್ಕೊಮ್ಮೆ ಎಫ್‌ಸಿಗೆ, ಅಂದರೆ ಅರ್ಹತಾ ಪತ್ರದ ತಪಾಸಣೆಗೆ, ನಿಲ್ಲುತ್ತಿವೆ, ಎಂಟು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ನಿಲ್ಲಬೇಕು. ಅವುಗಳ ಫಿಲ್ಟರ್ ಒಡೆದಿದೆಯೇ ಎಂದು ಪಿಯುಸಿ ಚೀಟಿಗಾಗಿ ನೋಡುವುದು ಇನ್ನೂ ಹೊಗೆಯ ಕಪ್ಪನ್ನು ಅಳೆಯುವ ಆ ಹಳೆಯ ಯಂತ್ರವೇ.